ಗೀಸರ್ ಆಫ್ ಮಾಡಿದ್ಯಾ?

ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಕೋಲ್ಕತ್ತದ ಮನೆಗಳಲ್ಲಿ ಬೆಳಗಿನ ಒಂದು ಕೂಗು ಶುರುವಾಗುತ್ತದೆ: ‘ಗೀಜಾರ್‌ಟಾ ಬೊಂಧೊ ಕೊರೆಛೊ?’ ನಮ್ಮ ಮನೆಗಳ ‘ಗೀಸರ್ ಆಫ್ ಮಾಡಿದ್ಯಾ?’ ಅನ್ನುವುದೇ ಇದು. ಮೈಸೂರಾದರೂ ಅದೇ ಧಾಟಿ, ಗರಿಯಾಹಾಟ್ ಆದರೂ ಅದೇ ಧಾಟಿ. ಕೇಳುವವರು ಅಡುಗೆಮನೆಯಲ್ಲಿರುತ್ತಾರೆ, ಉತ್ತರ ಕೊಡಬೇಕಾದವರು ತಲೆ ಒರೆಸಿಕೊಳ್ಳುತ್ತಿರುತ್ತಾರೆ.

ಯೋಚಿಸಿದರೆ ಇದು ವಿಚಿತ್ರ ಪ್ರಶ್ನೆ. ಗೀಸರ್ ತಾನಾಗಿಯೇ ಆಫ್ ಆಗುವ ಯಂತ್ರ. ನೀರು ಇಷ್ಟು ಕಾದರೆ ಸಾಕು ಎಂದು ತೀರ್ಮಾನಿಸಿ ಕರೆಂಟ್ ಕಡಿಯುವುದಕ್ಕೆಂದೇ ಅದರ ಹೊಟ್ಟೆಯಲ್ಲಿ ಥರ್ಮೋಸ್ಟಾಟ್ ಎಂಬ ಅಂಗವಿದೆ. ಫ್ರಿಜ್‌ನಲ್ಲೂ ಅದೇ ಕೆಲಸ ಮಾಡುವ ಅಂಗವಿದೆ. ಆದರೆ ‘ಫ್ರಿಜ್ ಆಫ್ ಮಾಡಿದ್ಯಾ?’ ಎಂದು ಯಾರೂ ಕೂಗುವುದಿಲ್ಲ. ಈಚಿನ ಗೀಸರ್‌ಗಳ ಹೊಟ್ಟೆಯ ಮೇಲೆ ಅಂಕಿ ಬೆಳಗುವ ಫಲಕ, ಕೂಡುವ ಕಳೆಯುವ ಎರಡು ಗುಂಡಿ, ಕೆಲವಕ್ಕೆ ರಿಮೋಟ್ ಕೂಡ ಬಂದಿವೆ. ಆದರೂ ಕೊನೆಯ ಮಾತು ಗೋಡೆಯ ಮೇಲಿನ ಕೆಂಪು ದೀಪದ ಸ್ವಿಚ್ಚಿನದೇ. ಈ ಅಪನಂಬಿಕೆ ಎಲ್ಲಿಂದ ಬಂತು ಎಂಬುದು ನನ್ನ ಕುತೂಹಲ. ಅದಕ್ಕೊಂದು ವೃತ್ತಿಯ ಕಾರಣವೂ ಇದೆ. ಅನುವಾದಕರ ಮೇಜಿಗೆ ಬರುವುದೆಲ್ಲ ಕಾದಂಬರಿಯಲ್ಲ, ಗೀಸರ್ ಕೈಪಿಡಿಗಳೂ ಬರುತ್ತವೆ. ‘ನಿಮಗೆ ಬೇಕಾದ ತಾಪಮಾನವನ್ನು ನಿಗದಿಪಡಿಸಿ’ ಎಂದು ಬರೆಯುವುದು ಸುಲಭ. ಆದರೆ ಬೇಕಾದ ತಾಪಮಾನ ಎಷ್ಟು ಡಿಗ್ರಿ ಎಂದು ಯಾವ ಕನ್ನಡಿಗರಿಗೆ ಗೊತ್ತು?

ನಮಗೆ ಗೊತ್ತಿರುವುದು ‘ಉಗುರುಬೆಚ್ಚಗೆ’. ಬಂಗಾಳಿಗೆ ಗೊತ್ತಿರುವುದು ‘ಕುಸುಮ್ ಕುಸುಮ್ ಗೊರೊಮ್’. ಒಂದು ಭಾಷೆ ಉಗುರನ್ನು ಅದ್ದಿ ನೋಡಿತು, ಇನ್ನೊಂದು ಹೂವನ್ನು ನೆನೆಯಿತು (ಬಂಗಾಳಿಯಲ್ಲಿ ಮೊಟ್ಟೆಯ ಹಳದಿಗೂ ಕುಸುಮ್ ಎನ್ನುತ್ತಾರೆ, ಯಾವುದನ್ನು ನೆನೆಯಿತೋ ಅವರವರ ಹಸಿವಿಗೆ ಬಿಟ್ಟದ್ದು). ಅದರ ಮೇಲಕ್ಕೆ ನಮ್ಮಲ್ಲಿ ಬಿಸಿ, ಸುಡುಸುಡು, ಕೊತಕೊತ. ನಡುವೆ ಎಲ್ಲೋ ‘ಹದ’. ಹದ ಅನ್ನುವುದು ಡಿಗ್ರಿಯಲ್ಲ. ಮಣ್ಣಿಗೂ ಹದ, ಪಾಕಕ್ಕೂ ಹದ, ಬಾಣಂತಿಯ ನೀರಿಗೂ ಹದ. ಯಾರಿಗೆ, ಯಾವಾಗ, ಯಾಕೆ ಎಂಬುದೆಲ್ಲ ಅದರಲ್ಲಿ ಸೇರಿದೆ. ಅದನ್ನು ನೋಡುವುದಕ್ಕೆ ಒಬ್ಬರು ಹತ್ತಿರ ಇರಬೇಕು.

ಹಂಡೆಯ ಕಾಲದಲ್ಲಿ ಇದ್ದರು. ಬಚ್ಚಲಮನೆಯ ಮೂಲೆಯ ಒಲೆಯ ಮೇಲೆ ಗಾರೆಯಲ್ಲಿ ಹೂತ ತಾಮ್ರದ ಹಂಡೆ, ಒಲೆಯ ಬಾಯಿಗೆ ತೆಂಗಿನ ಗರಿ, ಚಿಪ್ಪು, ಸೌದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವರು ಉರಿ ಹಚ್ಚಬೇಕು, ಕೈ ಅದ್ದಿ ನೋಡಬೇಕು, ಸೌದೆ ಎಳೆಯಬೇಕು ಇಲ್ಲವೇ ತಳ್ಳಬೇಕು. ಆ ಮೊದಲು ಎದ್ದವರು ಸಾಮಾನ್ಯವಾಗಿ ಹೆಂಗಸು. ಹಂಡೆ ಅನ್ನುವ ಶಬ್ದ ಬಂಗಾಳಿಯ ‘ಹಾಂಡಿ’ಗೆ ಬಂಧು, ಆದರೆ ಅಲ್ಲಿ ಹಾಂಡಿ ಎಂದರೆ ಅನ್ನದ ಪಾತ್ರೆ. ಸ್ನಾನದ ನೀರಿಗೆ ಒಂದು ಸ್ಥಿರವಾದ ಪಾತ್ರೆ, ಅದಕ್ಕೆ ವರ್ಷಕ್ಕೊಮ್ಮೆ ಪೂಜೆ, ಇದೆಲ್ಲ ನಮ್ಮ ಕಡೆಯದು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬಳ್ಳಿ ಸುತ್ತಿ, ನೀರು ತುಂಬಿ, ಮರುದಿನ ನಸುಕಿಗೆ ಎಣ್ಣೆಸ್ನಾನ. ಅದೇ ಚತುರ್ದಶಿಗೆ ಬಂಗಾಳದಲ್ಲಿ ಭೂತ ಚತುರ್ದಶಿ: ಹದಿನಾಲ್ಕು ಬಗೆಯ ಸೊಪ್ಪು, ಹದಿನಾಲ್ಕು ದೀಪ. ನೀರಿನ ಸುದ್ದಿಯೇ ಇಲ್ಲ. ಕೋಲ್ಕತ್ತದಲ್ಲಿ ಬಿಸಿನೀರು ಎರಡೂವರೆ ತಿಂಗಳ ಅಗತ್ಯ. ಜನವರಿಯ ನಸುಕಿನಲ್ಲಿ 13–14 ಡಿಗ್ರಿಗೆ ಇಳಿಯುವ ಊರು ಏಪ್ರಿಲ್‌ನಲ್ಲಿ ನಲ್ಲಿಯಿಂದಲೇ ಬಿಸಿನೀರು ಕೊಡುತ್ತದೆ.

ಥರ್ಮೋಸ್ಟಾಟ್‌ನ ಕಥೆ ಮೊದಲಾಗುವುದೂ ಹೀಗೆ ಉರಿಯ ಪಕ್ಕದಲ್ಲಿ ಕೂರಬೇಕಾದವರಿಂದಲೇ. 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಅರಸ ಒಂದನೇ ಜೇಮ್ಸನ ಆಶ್ರಯದಲ್ಲಿದ್ದ ಡಚ್ ಕುಶಲಕರ್ಮಿ ಕಾರ್ನೆಲಿಸ್ ಡ್ರೆಬ್ಬೆಲ್ ಕೋಳಿಮೊಟ್ಟೆಗೆ ಕಾವು ಕೊಡುವ ಒಂದು ಪೆಟ್ಟಿಗೆ ಮಾಡಿದ. ಒಳಗೆ ಗಾಜಿನ ಕೊಳವೆಯಲ್ಲಿ ಆಲ್ಕೊಹಾಲ್ ಮತ್ತು ಪಾದರಸ. ಬಿಸಿ ಏರಿದರೆ ಆಲ್ಕೊಹಾಲ್ ಹಿಗ್ಗಿ ಪಾದರಸವನ್ನು ತಳ್ಳುತ್ತದೆ, ಪಾದರಸ ಒಂದು ಸನ್ನೆಯನ್ನು ಎತ್ತುತ್ತದೆ, ಸನ್ನೆ ಗಾಳಿಯ ಕಿಂಡಿಯನ್ನು ಮುಚ್ಚುತ್ತದೆ, ಉರಿ ತಗ್ಗುತ್ತದೆ. ಕೋಳಿಯ ಕೆಲಸವನ್ನೂ ಕಾಯುವವನ ಕೆಲಸವನ್ನೂ ಒಟ್ಟಿಗೆ ಕಸಿದುಕೊಂಡ ಯಂತ್ರ.

ಶಬ್ದ ಮಾತ್ರ ಎರಡು ಶತಮಾನ ತಡವಾಗಿ ಬಂತು. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಎಂಬ ರಸಾಯನಶಾಸ್ತ್ರಜ್ಞ ಎರಡು ಲೋಹಗಳ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದು, ಬಿಸಿಯಾದಾಗ ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗಿ ಪಟ್ಟಿ ಬಾಗುವುದನ್ನು ಬಳಸಿಕೊಂಡು ಪೇಟೆಂಟ್ ಪಡೆದ. ಗ್ರೀಕಿನ ಬಿಸಿ ಮತ್ತು ನಿಲ್ಲು ಎಂಬ ಧಾತುಗಳನ್ನು ಕೂಡಿಸಿ ಹೆಸರಿಟ್ಟವನೂ ಅವನೇ. ಎರಡು ಲೋಹದ ಪಟ್ಟಿ ಅವನ ಸ್ವಂತದ್ದಲ್ಲ. ಅದಕ್ಕೂ ಮೊದಲು ಗಡಿಯಾರದ ಜಾನ್ ಹ್ಯಾರಿಸನ್ ತನ್ನ ಸಮುದ್ರಯಾನದ ಗಡಿಯಾರಕ್ಕೆ ಅದನ್ನು ಹಾಕಿದ್ದ. ಯೂರ್‌ನ ಮನಸ್ಸಿದ್ದದ್ದು ಬಟ್ಟೆ ಗಿರಣಿಗಳ ಮೇಲೆ. ಐದು ವರ್ಷದ ನಂತರ ಅವನು ಕಾರ್ಖಾನೆಗಳ ತತ್ವವನ್ನೇ ಹಾಡಿಹೊಗಳುವ ಒಂದು ಗ್ರಂಥ ಬರೆದ. ಕೆಲಸಗಾರನ ಕೈಯಿಂದಲೂ ಕಣ್ಣಿನಿಂದಲೂ ಎಷ್ಟು ತೆಗೆದು ಯಂತ್ರಕ್ಕೆ ಕೊಟ್ಟರೆ ಅಷ್ಟು ಒಳ್ಳೆಯದು ಎಂಬುದು ಅದರ ಸಾರ. ಮಾರ್ಕ್ಸ್ ಅವನನ್ನು ಸ್ವಯಂಚಾಲಿತ ಕಾರ್ಖಾನೆಯ ಆಸ್ಥಾನಕವಿ ಎಂಬರ್ಥದಲ್ಲಿ ಹಂಗಿಸಿದ. ನನಗೆ ಮಾರ್ಕ್ಸನ ಕೊಂಕು ಅರ್ಥವಾಗುತ್ತದೆ, ಆದರೆ ಹಂಡೆಯ ಮುಂದೆ ಹೊಗೆಯಲ್ಲಿ ಕೂತವರ ಕಡೆಯಿಂದ ನೋಡಿದರೆ ಯೂರ್ ಅಷ್ಟೇನೂ ಕೆಟ್ಟವನಾಗಿ ಕಾಣುವುದಿಲ್ಲ.

‘ಗೀಸರ್’ ಎಂಬ ಹೆಸರು ಐಸ್‌ಲ್ಯಾಂಡಿನದು. ಅಲ್ಲಿನ ಗೇಯ್ಸಿರ್ ಎಂಬ ಬಿಸಿನೀರ ಚಿಲುಮೆ ಇಡೀ ಜಗತ್ತಿನ ಚಿಲುಮೆಗಳಿಗೆ ಹೆಸರು ಕೊಟ್ಟಿತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ತನ್ನ ಗ್ಯಾಸಿನ ಸ್ನಾನದ ಒಲೆಗೆ ಅದನ್ನೇ ಇಟ್ಟ. ಅದಕ್ಕೆ ಹೊಗೆಕೊಳವೆ ಇರಲಿಲ್ಲ, ಬಿಸಿ ಅಳೆಯುವ ಏನೂ ಇರಲಿಲ್ಲ. (ಹೊಗೆಕೊಳವೆ ಇಲ್ಲದ ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ಬಚ್ಚಲಿಗೆ ಹಾಕಿ ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾಗುವುದು ಬೆಂಗಳೂರಿನಲ್ಲಿ ಇಂದಿಗೂ ನಿಂತಿಲ್ಲ.) ನೀರನ್ನು ತೊಟ್ಟಿಯಲ್ಲಿ ಇಟ್ಟು ತಾನೇ ಕಾಯಿಸಿ ತಾನೇ ನಿಲ್ಲುವ ಗ್ಯಾಸ್ ಯಂತ್ರವನ್ನು 1889ರಲ್ಲಿ ಪಿಟ್ಸ್‌ಬರ್ಗಿನಲ್ಲಿ ನಾರ್ವೆ ಮೂಲದ ಎಡ್ವಿನ್ ರೂಡ್ ಮಾಡಿದ.

ವಿದ್ಯುತ್ತಿನ ಗೀಸರ್‌ಗೆ ಬೇರೆಯೇ ತೊಡಕಿತ್ತು. ಅದನ್ನು ಅರ್ಥಮಾಡಿಕೊಳ್ಳಲು ಕೋಲ್ಕತ್ತಕ್ಕಿಂತ ಒಳ್ಳೆಯ ಊರಿಲ್ಲ. 1897ರಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿಕೊಂಡ ಕಂಪನಿಯೊಂದು ಸ್ವಲ್ಪದರಲ್ಲೇ ಕಲ್ಕತ್ತಾ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ ಎಂದು ಹೆಸರು ಬದಲಿಸಿಕೊಂಡು, 1899ರ ಏಪ್ರಿಲ್ 17ರಂದು ಪ್ರಿನ್ಸೆಪ್ ಸ್ಟ್ರೀಟ್ ಬಳಿಯ ಇಮಾಮ್‌ಬಾಗ್ ಲೇನಿನಲ್ಲಿ ವಿದ್ಯುದಾಗಾರ ಶುರುಮಾಡಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿದದ್ದು ಮೂರು ವರ್ಷ ತಡವಾಗಿ, 1902ರಲ್ಲಿ. ಬೆಂಗಳೂರಿನ ಬೀದಿದೀಪ 1905ರಲ್ಲಿ. ಆದರೆ ಒಂದು ವ್ಯತ್ಯಾಸವಿತ್ತು. ಶಿವನಸಮುದ್ರದ್ದು ಎಸಿ, ಕಲ್ಕತ್ತದ್ದು ಡಿಸಿ. ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಆ ಊರಿನ ಹಳೆಯ ಭಾಗಗಳಲ್ಲಿ ಡಿಸಿ ಉಳಿದಿತ್ತು. ಮನೆ ಬದಲಿಸುವವರು ಮೊದಲು ಕೇಳುತ್ತಿದ್ದ ಪ್ರಶ್ನೆ ಇಲ್ಲಿ ಎಸಿಯೋ ಡಿಸಿಯೋ ಎಂಬುದಾಗಿತ್ತು. ಫ್ಯಾನಿನ ಭವಿಷ್ಯ ಅದರ ಮೇಲೆ ನಿಂತಿತ್ತು.

ನೀರು ಕಾಯಿಸುವ ಸುರುಳಿಗೆ ಎಸಿಯೂ ಒಂದೇ ಡಿಸಿಯೂ ಒಂದೇ, ಎರಡರಲ್ಲೂ ಕಾಯುತ್ತದೆ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಎಸಿ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿದು ಏರುತ್ತದೆ. ಸ್ವಿಚ್ಚಿನ ಎರಡು ತುದಿ ಬೇರೆಯಾಗುವಾಗ ಹಾರುವ ಕಿಡಿ ಆ ಸೊನ್ನೆಯಲ್ಲಿ ತಾನೇ ಸಾಯುತ್ತದೆ. ಡಿಸಿ ಎಂದೂ ಸೊನ್ನೆಗೆ ಬರುವುದಿಲ್ಲ. ತುದಿಗಳು ನಿಧಾನವಾಗಿ ಬೇರೆಯಾದರೆ ಕಿಡಿ ಸೇತುವೆಯಂತೆ ನಿಂತು ಲೋಹವನ್ನೇ ಕರಗಿಸುತ್ತದೆ. ಇದಕ್ಕಾಗಿಯೇ 1884ರಲ್ಲಿ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಸ್ಪ್ರಿಂಗಿನ ಬಲದಿಂದ ಥಟ್ಟನೆ ಬಿಡಿಸಿಕೊಳ್ಳುವ ಸ್ವಿಚ್ ಮಾಡಿದ. ಇಂದು ನಾವು ಒತ್ತುವ ಸ್ವಿಚ್ಚುಗಳ ‘ಟಕ್’ ಅವನದೇ. ಯೂರ್‌ನ ಪಟ್ಟಿಯಾದರೋ ಥಟ್ಟನೆ ಏನನ್ನೂ ಮಾಡುವುದಿಲ್ಲ. ನೀರು ಕಾದಂತೆ ಕಾದಂತೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಾಗುತ್ತದೆ. ಅದಕ್ಕೆ ನೇರವಾಗಿ ಗೀಸರ್‌ನ ಕರೆಂಟ್ ಕಟ್ಟಿದರೆ ಕೆಲವೇ ದಿನದಲ್ಲಿ ತುದಿಗಳು ಬೆಸೆದುಕೊಳ್ಳುತ್ತವೆ. ಬೆಸೆದುಕೊಂಡರೆ ನೀರು ಕಾಯುತ್ತಲೇ ಇರುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಅದರ ಅರ್ಥ ಏನೆಂದು ಹೇಳಬೇಕಾಗಿಲ್ಲ.

ಇದಕ್ಕೆ ದಾರಿ ತೋರಿಸಿದ್ದು ಮತ್ತೆ ಉರಿ ಕಾಯುವವನೇ. ಅಮೆರಿಕದ ಮೇನ್ ರಾಜ್ಯದ ಒಂದು ಮರದ ಮಿಲ್ಲಿನಲ್ಲಿ ಜಾನ್ ಸ್ಪೆನ್ಸರ್ ಎಂಬ ಹುಡುಗ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಒಲೆಯ ದುಂಡನೆಯ ಕಬ್ಬಿಣದ ಬಾಗಿಲು ಕಾದಾಗ ಟಪ್ಪೆಂದು ಹೊರಕ್ಕೆ ಉಬ್ಬುವುದನ್ನೂ ಉರಿ ಕುಂದಿದಾಗ ಟಪ್ಪೆಂದು ಒಳಕ್ಕೆ ಮರಳುವುದನ್ನೂ ಗಮನಿಸಿದ ಎಂದು ಹೇಳುತ್ತಾರೆ. ಬಾಗಿಲೇ ಸೌದೆ ಹಾಕು ಎಂದು ಕೂಗಿದ ಹಾಗೆ. ಮುಂದೆ ಅವನು ಎರಡು ಲೋಹದ ಪಟ್ಟಿಯ ಬದಲು ಎರಡು ಲೋಹದ ಪುಟ್ಟ ಬಟ್ಟಲು ಮಾಡಿದ. ಬಟ್ಟಲು ನಿಧಾನವಾಗಿ ಬಾಗುವುದಿಲ್ಲ. ತಡೆದು ತಡೆದು, ಒಂದು ಹಂತದಲ್ಲಿ ಒಮ್ಮೆಲೇ ಮಗುಚಿಕೊಳ್ಳುತ್ತದೆ. ಅದನ್ನು ಮಾರುವ ಹೆಸರು ಕ್ಲಿಕ್ಸನ್ ಎಂದಾಯಿತು, ಸದ್ದು ಹೆಸರಲ್ಲೇ ಕೂತಿದೆ. ಅನುಕರಣ ಶಬ್ದಗಳ ವಿಷಯಕ್ಕೆ ನನಗೆ ಸ್ವಲ್ಪ ಮೋಹ. ರವೀಂದ್ರನಾಥರು ಬಂಗಾಳಿಯ ಧ್ವನ್ಯಾತ್ಮಕ ಶಬ್ದಗಳ ಮೇಲೆ ಒಂದು ಲೇಖನವನ್ನೇ ಬರೆದಿದ್ದಾರೆ, 1909ರ ‘ಶಬ್ದತತ್ತ್ವ’ದಲ್ಲಿ ಅದಿದೆ. ಗೀಸರ್‌ಗಳ ಕಾಲದಲ್ಲಿ ಬರೆದಿದ್ದರೆ ಈ ‘ಟಕ್’ ಅವರ ಪಟ್ಟಿಗೆ ಸೇರುತ್ತಿತ್ತೋ ಏನೋ. ಮುಚ್ಚಿದ ಬಾಗಿಲಾಚೆಯಿಂದ ಈ ಸದ್ದು ಕೇಳಿ ‘ನೀರು ಕಾಯ್ತು’ ಎನ್ನುವ ಅಜ್ಜಿಯರು ಎಲ್ಲ ಊರಲ್ಲೂ ಇದ್ದಾರೆ.

ನಮ್ಮ ಹಳೆಯ ಗೀಸರ್‌ಗಳ ತಳದಿಂದ ಒಳಕ್ಕೆ ಚಾಚಿದ ಉದ್ದನೆಯ ಹಿತ್ತಾಳೆಯ ಕಡ್ಡಿ ಇದೇ ಕುಟುಂಬದ ಇನ್ನೊಂದು ಶಾಖೆ. ಹೊರಗೆ ಹಿತ್ತಾಳೆಯ ಕೊಳವೆ, ಒಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು. 1896ರಲ್ಲಿ ಷಾರ್ಲ್ ಗಿಯೋಮ್ ಕಂಡುಹಿಡಿದ ಇನ್ವಾರ್ ಬಿಸಿಗೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅದಕ್ಕೂ ಅಂಥ ಇತರ ಕೆಲಸಕ್ಕೂ ಅವನಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ನಿಂತಲ್ಲೇ ನಿಲ್ಲುತ್ತದೆ, ಆ ವ್ಯತ್ಯಾಸ ಒಂದು ಸ್ಪ್ರಿಂಗ್ ಸ್ವಿಚ್ಚನ್ನು ಮಗುಚುತ್ತದೆ. ಬಚ್ಚಲಲ್ಲಿ ನೊಬೆಲ್ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅದನ್ನು ತಿರುಗಿಸುವ ತಿರುಪು ಮುಚ್ಚಳದ ಒಳಗಿತ್ತು. ಹೊಂದಿಸುವ ಅಧಿಕಾರ ಎಲೆಕ್ಟ್ರಿಷಿಯನ್‌ನದು. ಮನೆಯವರ ಪಾಲಿಗೆ ಉಳಿದದ್ದು ಗೋಡೆಯ ಸ್ವಿಚ್ಚು ಮಾತ್ರ.

ಅದರ ಜೊತೆಗೆ ಲೋಡ್‌ಶೆಡಿಂಗ್. 1970ರ, 80ರ ದಶಕಗಳ ಕಲ್ಕತ್ತದಲ್ಲಿ ಅದು ಇಂಗ್ಲಿಷ್ ಶಬ್ದವಾಗಿ ಉಳಿಯಲಿಲ್ಲ. ನಾವು ‘ಕರೆಂಟ್ ಹೋಯ್ತು’ ಅನ್ನುವಲ್ಲಿ ಅವರು ಇಂದಿಗೂ ‘ಲೋಡ್‌ಶೆಡಿಂಗ್ ಹೋಯೆಛೆ’ ಅನ್ನುತ್ತಾರೆ, ಫ್ಯೂಸ್ ಹೋದರೂ ಅದೇ ಮಾತು. ಗಂಟೆಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಥರ್ಮೋಸ್ಟಾಟ್ ಅನ್ನುವುದಕ್ಕೆ ಅರ್ಥವೇ ಇಲ್ಲ. ಇದ್ದಾಗ ಕಾಯಿಸಿಕೊಳ್ಳಬೇಕು, ಆಮೇಲೆ ಆಫ್ ಮಾಡಬೇಕು, ಬಿಲ್ಲನ್ನೂ ನೆನೆಯಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗುವ ವೇಳಾಪಟ್ಟಿ ನೋಡಿ ಬೆಳೆದವರಿಗೂ ಇದು ಹೊಸದಲ್ಲ. ಹೀಗೆ ಹಂಡೆಯ ಮುಂದಿನ ಕಾವಲು ಸ್ವಿಚ್ಚಿನ ಕಾವಲಾಗಿ ಉಳಿಯಿತು. ಸೌದೆ ತಳ್ಳುವ ಶ್ರಮ ಹೋಯಿತು, ನೆನಪಿಟ್ಟುಕೊಳ್ಳುವ ಶ್ರಮ ಹೋಗಲಿಲ್ಲ. ಅಡುಗೆಮನೆಯ ಕೂಗು ಅದೇ.

ಗೀಸರ್ ಕೊಳ್ಳಲಾಗದವರ ಬಕೆಟ್ಟಿನ ರಾಡಿಗೆ ಥರ್ಮೋಸ್ಟಾಟೇ ಇಲ್ಲ. ಅಲ್ಲಿ ಮನುಷ್ಯರೇ ಥರ್ಮೋಸ್ಟಾಟ್. ಕರ್ನಾಟಕದಲ್ಲೂ ಬಂಗಾಳದಲ್ಲೂ ಚಳಿಗಾಲದ ಪತ್ರಿಕೆಗಳಲ್ಲಿ ಒಳಪುಟದ ಸಣ್ಣ ಸುದ್ದಿಯಾಗಿ ಬರುವ ಸಾವುಗಳಿಗೆ ಇದು ಕಾರಣ. ಹಂಡೆಯ ನೀರಿಗೆ ಬೆರಳದ್ದಿ ಹದ ನೋಡುವ ಅಭ್ಯಾಸ ತಲೆಮಾರುಗಳದು, ಅದರಲ್ಲಿ ತಪ್ಪೇನೂ ಇರಲಿಲ್ಲ. ರಾಡ್ ಇಳಿಬಿಟ್ಟ ಬಕೆಟ್ಟಿಗೆ ಅದೇ ಬೆರಳನ್ನು ಅದ್ದಿದರೆ ಪ್ರಾಣ ಹೋಗುತ್ತದೆ. ಪ್ಲಗ್ ಕಿತ್ತ ಮೇಲಷ್ಟೇ ಮುಟ್ಟಿ ಎಂದು ಕೈಪಿಡಿಯಲ್ಲಿ ಬರೆಯುತ್ತೇವೆ. ರಾಡಿನ ಕೈಪಿಡಿಯನ್ನು ಓದುವವರು ಯಾರು?

ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ತಿರುಪನ್ನು ಮುಚ್ಚಳದಿಂದ ಹೊರಗೆ ತಂದು ಮನೆಯವರ ಕೈಗೆ ಕೊಟ್ಟಿತು. ಅದರ ಬೇರು 1833ರಲ್ಲಿದೆ. ಬಿಸಿ ಮಾಡಿದರೆ ಲೋಹಗಳಲ್ಲಿ ವಿದ್ಯುತ್ತಿನ ಹರಿವಿಗೆ ಅಡ್ಡಿ ಹೆಚ್ಚುತ್ತದೆ. ಬೆಳ್ಳಿಯ ಸಲ್ಫೈಡಿನಲ್ಲಿ ಅಡ್ಡಿ ಕಡಿಮೆಯಾಗುವುದನ್ನು ಫ್ಯಾರಡೆ ಆ ವರ್ಷ ಕಂಡು ಬೆರಗಾದ. ಅರೆವಾಹಕ ಎಂದು ನಾವೀಗ ಕರೆಯುವ ವಸ್ತುಗಳ ಮೊದಲ ಸುಳಿವು ಅದು. ಅದೇ ಕುಲದ ಇನ್ನೊಂದು ಖನಿಜ ಗೆಲೀನಾ, ಸೀಸದ ಸಲ್ಫೈಡ್. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶ ಚಂದ್ರ ಬೋಸರು ಅದರಿಂದ ವಿದ್ಯುತ್ ತರಂಗಗಳನ್ನು ಹಿಡಿಯುವ ಸಾಧನ ಮಾಡಿದರು. ಪೇಟೆಂಟ್ ಅಂದರೆ ಅವರಿಗೆ ಇಷ್ಟವಿರಲಿಲ್ಲ, ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿದರು. 1904ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಬೋಸರಿಂದ ಗೀಸರ್‌ಗೆ ನೇರ ದಾರಿಯೇನೂ ಇಲ್ಲ. ಆದರೆ ಗೀಸರ್‌ನ ಫಲಕದ ಹಿಂದಿರುವ ಚಿಪ್ಪು ಹುಟ್ಟಿದ್ದು ಈ ವಸ್ತುಗಳ ವಂಶದಲ್ಲೇ.

ಇಂದಿನ ಗೀಸರ್‌ನ ತೊಟ್ಟಿಗೆ ತಾಗಿ ಕೂತಿರುವ ಥರ್ಮಿಸ್ಟರ್ ಒಂದು ಮೆಣಸಿನ ಕಾಳಿನಷ್ಟು. ಮ್ಯಾಂಗನೀಸ್, ನಿಕ್ಕಲ್‌ನಂಥ ಲೋಹಗಳ ಆಕ್ಸೈಡನ್ನು ಸುಟ್ಟು ಮಾಡಿದ್ದು. ಸಾಮಾನ್ಯ ಬಗೆಯದರಲ್ಲಿ 25 ಡಿಗ್ರಿಯಲ್ಲಿ 10,000 ಓಮ್ ಅಡ್ಡಿ ಇದ್ದರೆ 60 ಡಿಗ್ರಿಗೆ ಸುಮಾರು 2,500ಕ್ಕೆ ಇಳಿಯುತ್ತದೆ. ಚಿಪ್ಪು ಅದನ್ನು ಓದಿ, ನೀವು ಒತ್ತಿಟ್ಟ ಅಂಕಿಯೊಡನೆ ಹೋಲಿಸಿ, ರಿಲೇಯನ್ನು ಟಕ್ ಅನ್ನಿಸುತ್ತದೆ. 60 ಎಂದಿದ್ದರೆ 60ಕ್ಕೆ ಆಫ್ ಆಗಿ, 59ಕ್ಕೇ ಮತ್ತೆ ಆನ್ ಆಗುವುದಿಲ್ಲ. ಕೆಲವು ಡಿಗ್ರಿ ಇಳಿಯಲು ಬಿಡುತ್ತದೆ, ಇಲ್ಲದಿದ್ದರೆ ದಿನವಿಡೀ ಟಕಟಕ. ಫಲಕ 56 ತೋರಿಸಿದರೆ ಅದು ಕೆಟ್ಟಿದೆ ಎಂದಲ್ಲ. ಈ ವ್ಯವಸ್ಥೆಯಲ್ಲಿ ಒಂದು ಅಪಾಯ ಅಡಗಿದೆ: ಥರ್ಮಿಸ್ಟರ್‌ನ ತಂತಿ ತುಂಡಾದರೆ ಅಡ್ಡಿ ಅಪಾರವಾಗುತ್ತದೆ, ಅಂದರೆ ಚಿಪ್ಪಿಗೆ ನೀರು ಮಂಜಿಗಿಂತ ತಣ್ಣಗಿದೆ ಎಂದು ಕಾಣುತ್ತದೆ. ಮುಗ್ಧ ಯಂತ್ರವಾದರೆ ಕಾಯಿಸುತ್ತಲೇ ಇರುತ್ತಿತ್ತು. ಆದ್ದರಿಂದ ಅಸಾಧ್ಯವಾದ ಅಂಕಿ ಕಂಡರೆ ಕೆಲಸ ನಿಲ್ಲಿಸಿ ಫಲಕದಲ್ಲಿ ದೋಷದ ಸಂಕೇತ ಬೆಳಗಿಸುವಂತೆ ಅದಕ್ಕೆ ಕಲಿಸಿರುತ್ತಾರೆ. ಆಗ ಸ್ವಿಚ್ ಹತ್ತು ಬಾರಿ ಆನ್ ಆಫ್ ಮಾಡಿ ಅದನ್ನು ಸೋಲಿಸಲು ಹೋಗಬಾರದು. ಇಷ್ಟರ ಮೇಲೂ ಕೊನೆಯ ಕಾವಲಿಗೆ ಸಾಮಾನ್ಯವಾಗಿ ಬೇರೆಯೇ ಒಂದು ಎರಡು-ಲೋಹದ ಸಾಧನ ಇರುತ್ತದೆ, ಚಿಪ್ಪನ್ನು ಕೇಳದೆ ಕರೆಂಟ್ ಕಡಿಯುವಂಥದು. ಸ್ಪೆನ್ಸರ್‌ನ ಬಟ್ಟಲಿನ ಮೊಮ್ಮಗು. ಅದೂ ಸೋತರೆ ಒತ್ತಡ ಬಿಡುವ ವಾಲ್ವ್. ಅದರಿಂದ ತೊಟ್ಟಿಕ್ಕುವ ನೀರನ್ನು ತಡೆಯಲು ಬಟ್ಟೆ ತುರುಕುವವರನ್ನು, ಮುಚ್ಚಳ ಬಿಗಿಯುವವರನ್ನು ನೋಡಿದ್ದೇನೆ. ನಾಲ್ಕು ಶತಮಾನದ ಬುದ್ಧಿಯನ್ನು ಒಂದು ಚಿಂದಿಯಿಂದ ಸೋಲಿಸುವ ಕೆಲಸ ಅದು.

ಹಾಗಾದರೆ ಎಷ್ಟಕ್ಕೆ ಇಡುವುದು? ಇಲ್ಲಿ ಎರಡು ಭಯಗಳು ಎದುರುಬದುರಾಗಿವೆ. ಒಂದು ಸುಡುವ ಭಯ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು ಅಮೆರಿಕದ ಸಂಶೋಧಕರು ಅಳೆದಂತೆ 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ, 49 ಡಿಗ್ರಿಗೆ ಹಲವು ನಿಮಿಷ ಬೇಕು. ಮಕ್ಕಳಿಗೂ ಮುದುಕರಿಗೂ ಇನ್ನೂ ಬೇಗ. ಇನ್ನೊಂದು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರನ್ನು ನ್ಯುಮೋನಿಯಾ ಆಗಿ ಕಾಡಿ ಹೆಸರು ಪಡೆದದ್ದು. ಅದು ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ನಮಗೆ ಹಿತವಾದ ಹದವೇ ಅದಕ್ಕೂ ಹಿತ. ಹಾಗಾಗಿ ತೊಟ್ಟಿಯಲ್ಲಿ ಬಿಸಿ, ಬಕೆಟ್ಟಿನಲ್ಲಿ ಹದ. ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಬಕೆಟ್ ಸ್ನಾನದ ನಾವು ಇದನ್ನು ಯಾರೂ ಕಲಿಸದೆ ಮಾಡುತ್ತೇವೆ. ನೇರ ಷವರ್ ಕೆಳಗೆ ನಿಲ್ಲುವ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನಾನಾದರೆ 50ಕ್ಕೆ ಇಳಿಸಿ, ವಾರಕ್ಕೊಮ್ಮೆ 60ಕ್ಕೆ ಏರಿಸುತ್ತೇನೆ.

ಇನ್ನೊಂದು ಸಂಗತಿ ಕೈಪಿಡಿಗಳು ಹೇಳುವುದೇ ಇಲ್ಲ: ಆ ಅಂಕಿ ಎಷ್ಟು ಬಿಸಿ ಎಂಬುದಕ್ಕಿಂತ ಎಷ್ಟು ನೀರು ಎಂಬುದನ್ನು ಹೇಳುತ್ತದೆ. 15 ಲೀಟರ್ ತೊಟ್ಟಿಯನ್ನು 60ಕ್ಕೆ ಕಾಯಿಸಿ 20 ಡಿಗ್ರಿಯ ನಲ್ಲಿನೀರು ಬೆರೆಸಿದರೆ 40 ಡಿಗ್ರಿಯ ಸ್ನಾನದ ನೀರು 30 ಲೀಟರ್ ಸಿಗುತ್ತದೆ. 50ಕ್ಕೆ ಕಾಯಿಸಿದರೆ ಇಪ್ಪತ್ತೆರಡೂವರೆ. ಅಂದರೆ ಇನ್ನೊಂದು ಅರ್ಧ ಬಕೆಟ್. ಒಬ್ಬರೇ ಇರುವ ಮನೆಗೆ 50 ಸಾಕು, ಅತಿಥಿ ಬಂದ ದಿನ ಗುಂಡಿ ಒತ್ತಿ. 20ರಿಂದ 60ಕ್ಕೆ ಏರಿಸಲು ಸುಮಾರು 0.7 ಯೂನಿಟ್, 2 ಕಿಲೋವ್ಯಾಟಿನ ಸುರುಳಿಗೆ 21 ನಿಮಿಷ. ದಕ್ಷಿಣ ಕೋಲ್ಕತ್ತದ ಎಷ್ಟೋ ಅಪಾರ್ಟ್‌ಮೆಂಟುಗಳಂತೆ, ಬೆಂಗಳೂರಿನ ಅರ್ಧ ಊರಿನಂತೆ ಕೊಳವೆಬಾವಿಯ ಗಡಸು ನೀರಾದರೆ ಬಿಸಿ ಹೆಚ್ಚಿದಷ್ಟೂ ಸುರುಳಿಯ ಮೇಲೆ ಸುಣ್ಣ ಬೇಗ ಕಟ್ಟುತ್ತದೆ. ಅಲ್ಲಿ 60ನ್ನು ಮೀರದಿರುವುದು ಲಾಭ.

ಇನ್ನು ಮೂಲ ಪ್ರಶ್ನೆ. ಆಫ್ ಆದ ಗೀಸರ್ ಬಿಸಿಯನ್ನು ಎಷ್ಟು ಸೋರಿಸುತ್ತದೆ ಎಂಬುದನ್ನೇ ಅದರ ಮೇಲಿನ ನಕ್ಷತ್ರಗಳು ಹೇಳುತ್ತವೆ. ಸುತ್ತಲಿಗಿಂತ 45 ಡಿಗ್ರಿ ಹೆಚ್ಚಿಗೆ ನೀರನ್ನು 24 ಗಂಟೆ ಹಾಗೇ ಇಟ್ಟರೆ ಎಷ್ಟು ಯೂನಿಟ್ ನಷ್ಟ ಎಂಬ ಲೆಕ್ಕ ಅದು. ನಕ್ಷತ್ರ ಹೆಚ್ಚಿದ್ದರೆ ನಷ್ಟ ಕಡಿಮೆ. ಸ್ನಾನ ಮುಗಿದು ಅರ್ಧ ಗಂಟೆ ಮರೆತರೆ ಆಗುವ ಖರ್ಚು ಒಂದು ಕೂಗಿಗೆ ಯೋಗ್ಯವಲ್ಲ. ದಿನವಿಡೀ ಬಿಟ್ಟರೆ ಯೋಗ್ಯ, ಅದಕ್ಕೆ ಎಷ್ಟೋ ಮಾದರಿಗಳಲ್ಲಿ ಟೈಮರ್ ಇದೆ. ನೆನಪಿಟ್ಟುಕೊಳ್ಳುವ ಕೆಲಸವನ್ನು ಅದಕ್ಕೇ ಬಿಡಬಹುದು. ಕರೆಂಟ್ ಹೋಗಿ ಬಂದಾಗ ಹಳೆಯ ಅಂಕಿ ಉಳಿದಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಳ್ಳಬೇಕು, ಎಲ್ಲವೂ ನೆನಪಿಟ್ಟುಕೊಳ್ಳುವುದಿಲ್ಲ.

ಕೋಲ್ಕತ್ತದಲ್ಲಿ ಸರಸ್ವತಿ ಪೂಜೆಯ ಹೊತ್ತಿಗೆ ಚಳಿ ಸಡಿಲವಾಗುತ್ತದೆ, ಹೋಳಿ ಬರುವ ಮೊದಲೇ ಗೀಸರ್‌ನ ಎಂಸಿಬಿ ಇಳಿಯುತ್ತದೆ. ಆ ಮೇಲೆ ಹತ್ತಿರ ಹತ್ತಿರ ಒಂಬತ್ತು ತಿಂಗಳು ಅದೇ 15 ಲೀಟರ್ ನೀರು ಗೋಡೆಯ ಮೇಲೆ ಕೂತಿರುತ್ತದೆ, ಬೇಸಿಗೆಯುದ್ದಕ್ಕೂ ಉಗುರುಬೆಚ್ಚಗೆ. ಮತ್ತೆ ಡಿಸೆಂಬರ್ ಬಂದಾಗ ಮೊದಲ ದಿನ ಸ್ನಾನಕ್ಕೆ ಇಳಿಯಬೇಡಿ. ಬಿಸಿನೀರಿನ ನಲ್ಲಿ ಬಿಟ್ಟು ಹಳೆಯ ನೀರನ್ನು ಪೂರ್ತಿ ಹರಿಸಿ, ತೊಟ್ಟಿ ತುಂಬಿದೆ ಎಂದು ಖಚಿತವಾದ ಮೇಲೆ ಆನ್ ಮಾಡಿ, 60ಕ್ಕಿಂತ ತುಸು ಮೇಲಕ್ಕೇರಿಸಿ ಒಂದು ಗಂಟೆ ಬಿಡಿ. ಆಮೇಲೆ ಕಿಟಕಿ ತೆರೆದು, ಷವರ್ ಬೇಡ, ನಲ್ಲಿಯಿಂದಲೇ ಆ ನೀರನ್ನೂ ಒಮ್ಮೆ ಹರಿಯಲು ಬಿಡಿ.